ಹೆಸರೊಂದು, ಯಜಮಾನರು ಹಲವರು: ಟಾಟಾ ಸಮೂಹ ಹಿಡಿತ ಕಟ್ಟಿಕೊಂಡ ಬಗೆ

1991ರ ಮಾರ್ಚ್‌ನಲ್ಲಿ ಜೆ.ಆರ್.ಡಿ. ಟಾಟಾ ಅವರು ಸಮೂಹದ ತಾಯಿ ಕಂಪನಿಯಾದ ಟಾಟಾ ಸನ್ಸ್‌ನ ಅಧ್ಯಕ್ಷ ಸ್ಥಾನ ಬಿಟ್ಟುಕೊಟ್ಟರು. 1938ರಿಂದ ಕೂತಿದ್ದ ಕುರ್ಚಿ ಅದು, ಒಟ್ಟು 53 ವರ್ಷ. ಕೂರಲು ಬಂದ ರತನ್ ಟಾಟಾ ಅವರಿಗೂ ಆಗ ವಯಸ್ಸು 53. ಕುರ್ಚಿಯೇನೋ ಸಲೀಸಾಗಿ ಕೈ ಬದಲಾಯಿತು. ಆದರೆ ಅದರ ಜೊತೆಗೆ ಬರಬೇಕಾದ ಯಜಮಾನಿಕೆ ಬರಲಿಲ್ಲ, ಏಕೆಂದರೆ ಅದು ಕಾಗದದ ಮೇಲೆ ಎಲ್ಲೂ ಇರಲೇ ಇಲ್ಲ.

ಸಮೂಹದ ಕಿರೀಟದಂತಿದ್ದ ಉಕ್ಕಿನ ಕಂಪನಿ ಟಿಸ್ಕೊವನ್ನೇ (ಇಂದಿನ ಟಾಟಾ ಸ್ಟೀಲ್) ನೋಡಿ. ಅದರಲ್ಲಿ ಟಾಟಾ ಸನ್ಸ್‌ ಹಿಡಿದಿದ್ದ ಪಾಲು ಬರೀ ಒಂದಂಕಿಯದು. ಪ್ರತಿಸ್ಪರ್ಧಿ ಬಿರ್ಲಾ ಕುಟುಂಬದ ಹೂಡಿಕೆ ಕಂಪನಿಯ ಕೈಯಲ್ಲಿ ಅದಕ್ಕಿಂತ ಹೆಚ್ಚು ಷೇರುಗಳಿದ್ದವು. ಎಲ್‌ಐಸಿಯಂಥ ಸರ್ಕಾರಿ ಸಂಸ್ಥೆಗಳ ಪಾಲಂತೂ ಈ ಎರಡಕ್ಕೂ ಮೇಲೆ. ಲಾರಿ ಮಾಡುತ್ತಿದ್ದ, ಮುಂದೆ ಟಾಟಾ ಮೋಟರ್ಸ್ ಆದ ಟೆಲ್ಕೊ ಕಥೆಯೂ ಹೆಚ್ಚುಕಡಿಮೆ ಇದೇ. ಹೊರಗಿನವರ ಕಣ್ಣಿಗೆ ಟಾಟಾ ಎಂದರೆ ಒಂದೇ ದೊಡ್ಡ ಮನೆ. ಒಳಗೆ ಹೊಕ್ಕು ನೋಡಿದರೆ ಒಂದೇ ಮನೆ ಹೆಸರಿಟ್ಟುಕೊಂಡು, ಬೇರೆ ಬೇರೆ ಒಲೆ ಹೂಡಿದ ಹತ್ತಾರು ಸಂಸಾರಗಳು.

ಟಾಟಾ ಸಮೂಹದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಉಪ್ಪಿನಿಂದ ಉಕ್ಕಿನವರೆಗೆ ಎಂದು ಶುರುಮಾಡಿ ಕಂಪನಿಗಳ ಪಟ್ಟಿ ಕೊಡುತ್ತಾರೆ. ಪಟ್ಟಿ ಓದಿ ಮುಗಿಸಿದ ಮೇಲೂ ಇಷ್ಟೆಲ್ಲ ಒಂದಕ್ಕೊಂದು ಸಂಬಂಧವಿಲ್ಲದ ವ್ಯಾಪಾರಗಳನ್ನು ಒಟ್ಟಿಗೆ ಕಟ್ಟಿಟ್ಟಿರುವ ಹಗ್ಗ ಯಾವುದು ಎಂಬುದು ಗೊತ್ತಾಗುವುದಿಲ್ಲ. ನನಗೆ ಕುತೂಹಲ ಇರುವುದು ಆ ಹಗ್ಗದ ಮೇಲೆ. 1991ರಲ್ಲಿ ಅದು ಸವೆದು ಎಳೆ ಎಳೆಯಾಗಿತ್ತು. ಮತ್ತೆ ಹೊಸೆದದ್ದು ಹೇಗೆ, ಯಾರ ಹಣದಲ್ಲಿ, ಹೊಸೆದ ಮೇಲೆ ಅದು ಎಲ್ಲೆಲ್ಲಿ ಬಿಗಿಯಿತು ಎಂಬುದೇ ಈ ಪ್ರಕರಣ.

ಷೇರಿಲ್ಲದ ಯಜಮಾನಿಕೆ

ಜಮ್‌ಸೆಟ್‌ಜಿ ಟಾಟಾ 1868ರಲ್ಲಿ 21 ಸಾವಿರ ರೂಪಾಯಿ ಬಂಡವಾಳದಲ್ಲಿ ವ್ಯಾಪಾರ ಸಂಸ್ಥೆ ತೆರೆದರು. 1877ರ ಜನವರಿ 1ರಂದು ನಾಗಪುರದಲ್ಲಿ ಎಂಪ್ರೆಸ್ ಮಿಲ್ ಶುರುವಾಯಿತು. 1903ರಲ್ಲಿ ಮುಂಬೈನ ತಾಜ್ ಹೋಟೆಲ್ ಬಾಗಿಲು ತೆರೆಯಿತು. ಮರುವರ್ಷ ಅವರು ತೀರಿಕೊಂಡಾಗ ಉಕ್ಕಿನ ಕಾರ್ಖಾನೆ, ಜಲವಿದ್ಯುತ್ ಮತ್ತು ವಿಜ್ಞಾನ ಸಂಸ್ಥೆ ಮೂರೂ ಇನ್ನೂ ಕಾಗದದ ಮೇಲೇ ಇದ್ದವು. ಮೂರನೆಯದಕ್ಕೆ ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟು ಬೆಂಗಳೂರಿಗೆ ಕರೆತಂದಿತು. ಇವತ್ತಿಗೂ ನಮ್ಮ ಹಳೆಯ ತಲೆಮಾರಿನವರಿಗೆ ಅದು ಐಐಎಸ್‌ಸಿ ಅಲ್ಲ, ‘ಟಾಟಾ ಇನ್‌ಸ್ಟಿಟ್ಯೂಟ್’.

1907ರಲ್ಲಿ ಉಕ್ಕಿನ ಕಂಪನಿಗೆ ಹಣ ಬೇಕಾಯಿತು. ಲಂಡನ್ನಿನ ಹಣದ ಪೇಟೆ ಕೈಕೊಟ್ಟಿತು. ಸ್ವದೇಶಿ ಚಳವಳಿಯ ಬಿಸಿ ಏರಿದ್ದ ಕಾಲ, ಜಮ್‌ಸೆಟ್‌ಜಿ ಮಕ್ಕಳು ಊರಿನ ಜನರ ಮುಂದೆಯೇ ಕೈಯೊಡ್ಡಿದರು. ಮೂರೇ ವಾರದಲ್ಲಿ ಸುಮಾರು 8,000 ಭಾರತೀಯರು ಷೇರು ಕೊಂಡರು. ದೇಶಾಭಿಮಾನದ ಕಥೆಯಾಗಿ ಇದನ್ನು ಎಲ್ಲರೂ ಹೇಳುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಇದರ ಅರ್ಥ ಬೇರೆ: ಸಮೂಹದ ಅತಿ ದೊಡ್ಡ ಕಂಪನಿ ಹುಟ್ಟಿದ ದಿನವೇ ಅದರ ಒಡೆತನ ಸಾವಿರಾರು ಜನರಲ್ಲಿ ಹಂಚಿಹೋಗಿತ್ತು.

ಆಗ ಅದರಿಂದ ಏನೂ ತೊಂದರೆಯಾಗಲಿಲ್ಲ. ಬ್ರಿಟಿಷರ ಕಾಲದಿಂದ ಬಂದಿದ್ದ ಮ್ಯಾನೇಜಿಂಗ್ ಏಜೆನ್ಸಿ ಪದ್ಧತಿ ಇತ್ತಲ್ಲ. ಕಂಪನಿಯ ಷೇರು ಯಾರ ಬಳಿಯೇ ಇರಲಿ, ಅದನ್ನು ನಡೆಸುವ ಗುತ್ತಿಗೆ ಮಾತ್ರ ಏಜೆಂಟರದು, ಅದಕ್ಕೆ ಕಮಿಷನ್ ಬೇರೆ. ಜಮೀನು ಯಾರದೋ, ಉಳುಮೆ ಯಾರದೋ ಎಂಬ ಹಾಗೆ. ಟಾಟಾ ಅಷ್ಟೇ ಅಲ್ಲ, ದೇಶದ ಎಷ್ಟೋ ಉದ್ಯಮ ಮನೆತನಗಳು ಬೆಳೆದದ್ದು ಈ ಗುತ್ತಿಗೆಯ ಬಲದಿಂದಲೇ. ಸರ್ಕಾರ ಆ ಪದ್ಧತಿಯನ್ನು 1970ರಲ್ಲಿ ರದ್ದು ಮಾಡಿತು. ಅದೇ ಹೊತ್ತಿಗೆ ಬಂದ ಏಕಸ್ವಾಮ್ಯ ನಿಯಂತ್ರಣ ಕಾನೂನು ದೊಡ್ಡ ಮನೆತನಗಳು ಬೆಳೆಯುವುದಕ್ಕೇ ಲಗಾಮು ಹಾಕಿತು.

ಅಲ್ಲಿಗೆ ಗುತ್ತಿಗೆ ಹೋಯಿತು, ಷೇರು ಮೊದಲೇ ಇರಲಿಲ್ಲ. ಮುಂದಿನ 20 ವರ್ಷ ಸಮೂಹವನ್ನು ಹಿಡಿದಿಟ್ಟದ್ದು ಜೆ.ಆರ್.ಡಿ. ಎಂಬ ಒಬ್ಬ ಮನುಷ್ಯನ ಮೇಲಿದ್ದ ಗೌರವ. ಅವರು ಕಂಪನಿಗಳ ದಿನನಿತ್ಯದ ವ್ಯವಹಾರಕ್ಕೆ ಕೈ ಹಾಕುತ್ತಿರಲಿಲ್ಲ. ಸಮರ್ಥರನ್ನು ಹುಡುಕಿ ಕೂರಿಸಿ, ಅವರ ಪಾಡಿಗೆ ಬಿಟ್ಟರು. ಸಮರ್ಥರೂ ಹೌದು, ಅವರು ಕಾಲಕ್ರಮದಲ್ಲಿ ಪಾಳೇಗಾರರಾದದ್ದೂ ಹೌದು. ಟಿಸ್ಕೊದಲ್ಲಿ ರೂಸಿ ಮೋದಿ, ಟಾಟಾ ಕೆಮಿಕಲ್ಸ್ ಮತ್ತು ಟಾಟಾ ಟೀಯಲ್ಲಿ ದರ್ಬಾರಿ ಸೇಠ್, ತಾಜ್ ಹೋಟೆಲುಗಳಲ್ಲಿ ಅಜಿತ್ ಕೇರ್ಕರ್. ಒಬ್ಬೊಬ್ಬರದೂ ಒಂದೊಂದು ಕೋಟೆ. ಪಾಳೇಗಾರರು ಕಪ್ಪ ಕಟ್ಟುತ್ತಿದ್ದುದು ಜೆ.ಆರ್.ಡಿ.ಗೆ, ಸಮೂಹದ ಕೇಂದ್ರ ಕಚೇರಿಯಾದ ಬಾಂಬೆ ಹೌಸ್‌ಗಲ್ಲ.

ಇಂಥ ಹೊತ್ತಿನಲ್ಲಿ ಜುಲೈ 1991 ಬಂತು. ಎಲ್ಲಕ್ಕೂ ಸರ್ಕಾರದ ಪರವಾನಗಿ ಬೇಕಿದ್ದ ಲೈಸೆನ್ಸ್ ರಾಜ್ಯ ಕಳಚತೊಡಗಿತು. ಹೊರದೇಶದ ಕಂಪನಿಗಳು ಬರುತ್ತವೆ, ಜೊತೆಗೆ ಷೇರುಪೇಟೆಯಲ್ಲಿ ಕಂಪನಿ ಕೊಂಡು ನುಂಗುವವರೂ ಬರುತ್ತಾರೆ ಎಂಬ ಭಯ ಹುಟ್ಟಿತು. 1983ರಲ್ಲಿ ಲಂಡನ್ನಿನ ಉದ್ಯಮಿ ಸ್ವರಾಜ್ ಪಾಲ್ ಅವರು ಎಸ್ಕಾರ್ಟ್ಸ್ ಮತ್ತು ಡಿಸಿಎಂ ಕಂಪನಿಗಳ ಷೇರುಗಳನ್ನು ಪೇಟೆಯಲ್ಲೇ ಕೊಳ್ಳುತ್ತ ಹೋಗಿ ಎಂಥ ಕೋಲಾಹಲ ಎಬ್ಬಿಸಿದ್ದರು ಎಂಬುದು ಎಲ್ಲರ ನೆನಪಿನಲ್ಲಿತ್ತು. ಒಂದಂಕಿ ಪಾಲಿನ ಯಜಮಾನರು ನಿದ್ದೆಗೆಡಲು ಅಷ್ಟು ಸಾಕು.

ಹಗ್ಗ ಹೊಸೆದದ್ದು

ರತನ್ ಟಾಟಾ ಮೊದಲು ಹಿಡಿದದ್ದು ವಯಸ್ಸಿನ ನಿಯಮವನ್ನು. ಕಂಪನಿ ನಡೆಸುವ ನಿರ್ದೇಶಕರಿಗೆ 65, ಉಳಿದ ನಿರ್ದೇಶಕರಿಗೆ 75, ಆಮೇಲೆ ಮನೆಗೆ. ನಿಯಮ ಕೇಳಲು ಎಷ್ಟು ಸಾಧುವಾಗಿದೆ ನೋಡಿ! ಯಾರ ಹೆಸರೂ ಎತ್ತದೆ ಎಲ್ಲರನ್ನೂ ಮುಟ್ಟುವ ನಿಯಮ. ರೂಸಿ ಮೋದಿ ಸದ್ದಿಲ್ಲದೆ ಹೋಗುವವರಲ್ಲ, ಜಗಳ ಪತ್ರಿಕೆಗಳ ಮುಖಪುಟಕ್ಕೆ ಬಂತು. 1993ರಲ್ಲಿ ಟಿಸ್ಕೊ ಅವರ ಕೈ ತಪ್ಪಿತು. ಕೇರ್ಕರ್ 1997ರಲ್ಲಿ ಹೊರಬಿದ್ದರು.

ಎರಡನೆಯ ಎಳೆ ಹೆಸರು. ಅಲ್ಲಿಯವರೆಗೆ ‘ಟಾಟಾ’ ಎಂಬ ಹೆಸರನ್ನು ಯಾವ ಕಂಪನಿಯೂ ಕೇಳದೆ ಕೊಡದೆ ಬಳಸುತ್ತಿತ್ತು. 1990ರ ದಶಕದ ಕೊನೆಯಲ್ಲಿ ಟಾಟಾ ಸನ್ಸ್ ಹೊಸ ಕರಾರು ತಂದಿತು: ಹೆಸರು ನಮ್ಮದು, ಬಳಸುವವರು ವರ್ಷದ ವಹಿವಾಟಿನ ಶೇ 0.25ರವರೆಗೆ ಶುಲ್ಕ ಕಟ್ಟಬೇಕು. ಜೊತೆಗೆ ನೀತಿ ಸಂಹಿತೆಗೆ ಸಹಿ ಹಾಕಬೇಕು, ಗುಣಮಟ್ಟದ ತಪಾಸಣೆಗೆ ಒಳಪಡಬೇಕು. ಮನೆಯ ಹೆಸರಿಗೆ ಬಾಡಿಗೆಯೇ ಎಂದು ಕೆಲವು ಕಂಪನಿಗಳು ಗೊಣಗಿದವು. ಶುಲ್ಕದ ಮೊತ್ತಕ್ಕಿಂತ ಸಹಿಯೇ ದೊಡ್ಡದು ಎಂದು ನನಗನ್ನಿಸುತ್ತದೆ. ಹೆಸರು ಕಸಿದುಕೊಳ್ಳುವ ಅಧಿಕಾರ ಯಾರಿಗಿದೆ ಎಂಬುದನ್ನು ಆ ಸಹಿ ಮೊದಲ ಬಾರಿಗೆ ಕಾಗದದ ಮೇಲೆ ತಂದಿತು.

ಮೂರನೆಯದು ಮಾರಾಟ. ‘ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು’ ಎಂಬುದು ನಮ್ಮ ಕಡೆಯ ಹಳೆಯ ಮಾತು. ಹಮಾಮ್ ಸೋಪಿನ ಟಾಟಾ ಆಯಿಲ್ ಮಿಲ್ಸ್ 1993ರಲ್ಲಿ ಹಿಂದೂಸ್ತಾನ್ ಲಿವರ್‌ ತೆಕ್ಕೆಗೆ ಹೋಯಿತು. ಲ್ಯಾಕ್ಮೆ ಕೂಡ 1998ರಲ್ಲಿ ಅದೇ ದಾರಿ ಹಿಡಿಯಿತು. ಆ ಹಣದಿಂದ ಹುಟ್ಟಿದ ಟ್ರೆಂಟ್ ಇವತ್ತು ವೆಸ್ಟ್‌ಸೈಡ್, ಜುಡಿಯೊ ಬಟ್ಟೆ ಅಂಗಡಿಗಳನ್ನು ನಡೆಸುತ್ತಿದೆ. ನೆರೊಲ್ಯಾಕ್ ಬಣ್ಣದ ಪಾಲು ಜಪಾನಿನ ಕನ್ಸಾಯ್‌ಗೆ, ಎಸಿಸಿ ಸಿಮೆಂಟಿನ ಪಾಲು ಗುಜರಾತ್ ಅಂಬುಜಾಕ್ಕೆ. ಮಾರಿದ್ದರಲ್ಲಿ ಎಲ್ಲವೂ ಮುತ್ತಲ್ಲದವೇ ಎಂದು ಹೇಳಲಾರೆ. ದೇಶ ರಸ್ತೆ, ಮನೆ, ಸೇತುವೆ ಕಟ್ಟಲು ಹೊರಟಿದ್ದ ಕಾಲದಲ್ಲಿ ಸಿಮೆಂಟು ಬಿಟ್ಟುಕೊಟ್ಟದ್ದು ಇವತ್ತಿಗೂ ಚರ್ಚೆಯ ವಿಷಯ.

ನಾಲ್ಕನೆಯದು ಷೇರು. ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಕಂಪನಿಗಳಲ್ಲಿ ಪಾಲು ಹೆಚ್ಚಿಸಿಕೊಳ್ಳಲು ಟಾಟಾ ಸನ್ಸ್‌ಗೆ ಸಾವಿರಾರು ಕೋಟಿ ಬೇಕಿತ್ತು. ಟಾಟಾ ಸನ್ಸ್‌ನ ಮೂರನೇ ಎರಡು ಭಾಗದ ಒಡೆಯರು ಧರ್ಮಾರ್ಥ ಟ್ರಸ್ಟ್‌ಗಳು, ಮುಖ್ಯವಾಗಿ ಸರ್ ರತನ್ ಟಾಟಾ ಟ್ರಸ್ಟ್ ಮತ್ತು ಸರ್ ದೊರಾಬ್‌ಜಿ ಟಾಟಾ ಟ್ರಸ್ಟ್, ಎರಡೂ ಜಮ್‌ಸೆಟ್‌ಜಿ ಮಕ್ಕಳ ಹೆಸರಿನವು. ಆಸ್ಪತ್ರೆ, ಶಾಲೆಗೆ ಹಣ ಕೊಡುವವರು ಷೇರಿಗೆ ಬಂಡವಾಳ ಸುರಿಯಲಾದೀತೇ? ಹಾಗಾಗಿ 1990ರ ದಶಕದ ನಡುವೆ ಟಾಟಾ ಸನ್ಸ್ ಹಕ್ಕಿನ ಷೇರು (ಇರುವ ಷೇರುದಾರರಿಗೆ ಮೊದಲು ನೀಡುವ ಹೊಸ ಷೇರು) ಹೊರಡಿಸಿದಾಗ ಸಮೂಹದ ಕಂಪನಿಗಳೇ ಅದನ್ನು ಕೊಂಡವು. ತಾಯಿ ಕಂಪನಿಗೆ ಮಕ್ಕಳಿಂದ ಹಣ, ಆ ಹಣದಲ್ಲಿ ಮಕ್ಕಳ ಮೇಲೆ ತಾಯಿಯ ಹಿಡಿತ. ಸುತ್ತಿ ಬಳಸಿದ ಈ ಏರ್ಪಾಡನ್ನು ಆಗ ಟೀಕಿಸಿದವರೂ ಇದ್ದರು.

ಆದರೆ ನಿಜವಾದ ಬಾವಿ ಮನೆಯ ಹಿತ್ತಲಲ್ಲೇ ಇತ್ತು. 1968ರಲ್ಲಿ ಶುರುವಾದ ಟಿಸಿಎಸ್ ಬಹಳ ಜನ ತಿಳಿದಂತೆ ಆಗ ಸ್ವತಂತ್ರ ಕಂಪನಿಯಾಗಿರಲಿಲ್ಲ. 2004ರವರೆಗೂ ಅದು ಟಾಟಾ ಸನ್ಸ್‌ನ ಒಂದು ವಿಭಾಗ ಮಾತ್ರ. ಎಫ್.ಸಿ. ಕೊಹ್ಲಿ ಕಟ್ಟಿ, ಎಸ್. ರಾಮದೊರೈ ಬೆಳೆಸಿದ ಸಾಫ್ಟ್‌ವೇರ್ ವ್ಯಾಪಾರದಲ್ಲಿ ಬಂದ ಪ್ರತಿ ಡಾಲರ್‌ನ ಲಾಭ ಬೇರೆ ಷೇರುದಾರರಿಗೆ ಹಂಚಿಹೋಗದೆ ನೇರವಾಗಿ ಟಾಟಾ ಸನ್ಸ್ ಗಲ್ಲಾಪೆಟ್ಟಿಗೆಗೆ ಬೀಳುತ್ತಿತ್ತು. ಉಕ್ಕಿನ ಕಂಪನಿಯ ಮೇಲೆ ಹಿಡಿತ ತಂದುಕೊಟ್ಟದ್ದು ಕೋಡ್ ಬರೆಯುವ ಹುಡುಗ ಹುಡುಗಿಯರ ದುಡಿಮೆ. 2004ರ ಆಗಸ್ಟ್ 25ರಂದು ಟಿಸಿಎಸ್ ಷೇರುಪೇಟೆಗೆ ಬಂತು, ಷೇರೊಂದಕ್ಕೆ 850 ರೂಪಾಯಿಯಂತೆ. ಹೊಸ ಸಾಹಸಗಳಿಗೆ ಬೇಕಾದ ಹಣ ಆಗ ಒಮ್ಮೆಲೇ ಬಂತು. ಇವತ್ತು ಟಾಟಾ ಸ್ಟೀಲ್‌ನಲ್ಲಿ ಸಮೂಹದ ಪಾಲು ಶೇ 30ಕ್ಕೂ ಹೆಚ್ಚು, ಟಾಟಾ ಪವರ್‌ನಲ್ಲಿ ಶೇ 45ಕ್ಕೂ ಹೆಚ್ಚು.

ಹೊಸೂರಿನ ಒಂದು ಅಪವಾದ

ಹಿಡಿತ ಇದ್ದರೆ ಮಾತ್ರ ವ್ಯಾಪಾರ ಉಳಿಯುತ್ತದೆ ಎಂಬ ತರ್ಕಕ್ಕೆ ಬೆಂಗಳೂರಿನ ಗಡಿಯಾಚೆಯೇ ಒಂದು ತಕರಾರು ಇದೆ. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ಉದ್ಯಮ ನಿಗಮ ಟಿಡ್ಕೊ ಸೇರಿ ಹೊಸೂರಿನಲ್ಲಿ ಟೈಟನ್ ಶುರುಮಾಡಿದವು. ಹೆಸರೇ ಎರಡು ಮನೆಗಳ ಮೊದಲಕ್ಷರ: ಟಾಟಾ ಇಂಡಸ್ಟ್ರೀಸ್‌ನ ‘ಟಿ’, ‘ಐ’ ಮತ್ತು ತಮಿಳುನಾಡಿನ ‘ಟ್ಯಾನ್’. ಆಗ ಕೈಗಡಿಯಾರ ಎಂದರೆ ಎಚ್‌ಎಂಟಿ. ಮದುವೆಗೆ ಮಾವನ ಮನೆಯಿಂದ ಎಚ್‌ಎಂಟಿ ಬರಲೇಬೇಕಿದ್ದ ಕಾಲ. ಬೆಂಗಳೂರಿನ ಆ ಕಾರ್ಖಾನೆಯಲ್ಲಿ ಪಳಗಿದ ಕೈಗಳಲ್ಲಿ ಕೆಲವು ಹೊಸೂರಿಗೆ ನಡೆದವು. ಎಚ್‌ಎಂಟಿ ಕೀಲಿ ಕೊಡುವ ಗಡಿಯಾರದಲ್ಲೇ ನೆಚ್ಚಿಕೊಂಡಿತ್ತು, ಟೈಟನ್ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್‌ ಹಿಡಿಯಿತು. ಮುಂದಿನದು ಗೊತ್ತೇ ಇದೆ.

ಇಲ್ಲಿ ಹೇಳಬೇಕಾದದ್ದು ತನಿಷ್ಕ್ ಕಥೆ. ಗಡಿಯಾರದ ಬಿಡಿಭಾಗ ತರಿಸಲು ವಿದೇಶಿ ವಿನಿಮಯ ಬೇಕು, ಆಭರಣ ರಫ್ತು ಮಾಡಿ ಗಳಿಸೋಣ ಎಂದು ಹೊರಟ ವ್ಯಾಪಾರ ಅದು. ರಫ್ತು ಕೈಹಿಡಿಯಲಿಲ್ಲ, 1990ರ ದಶಕದ ನಡುವೆ ದೇಶದೊಳಗೇ ಅಂಗಡಿ ತೆರೆದರು. ಇಟ್ಟದ್ದು 18 ಕ್ಯಾರೆಟ್ಟಿನ, ಕಲ್ಲು ಕೂರಿಸಿದ, ಪರದೇಶದ ಕಣ್ಣಿಗೆ ಒಪ್ಪುವ ಒಡವೆ. ನಮ್ಮ ಹೆಂಗಸರು ಒಳಗೆ ಬಂದು, ನೋಡಿ, ಹೊರಗೆ ಹೋದರು. ಕಷ್ಟಕಾಲಕ್ಕೆ ಅಡವಿಡಲು ಬಾರದ ಒಡವೆ ಒಡವೆಯೇ? ನಷ್ಟ ಏರಿತು, ಮುಚ್ಚಿಬಿಡಿ ಎಂಬ ಮಾತು ಒಳಗೂ ಹೊರಗೂ ಕೇಳಿತು.

ಆಗ ಅಂಗಡಿಗಳಲ್ಲಿ ಕ್ಯಾರೆಟ್‌ಮೀಟರ್ ಎಂಬ ಯಂತ್ರ ತಂದಿಟ್ಟರು. ಕ್ಷಕಿರಣ ಹಾಯಿಸಿ, ಒಡವೆಯನ್ನು ಉಜ್ಜದೆ, ಕರಗಿಸದೆ, ಅದರಲ್ಲಿ ಚಿನ್ನ ಎಷ್ಟು, ಬೆರಕೆ ಎಷ್ಟು ಎಂದು ಕೆಲವೇ ನಿಮಿಷದಲ್ಲಿ ಹೇಳುವ ಯಂತ್ರ. ಬಳೆ ಬಿಚ್ಚಿ ಕೊಡಿ, ಪರೀಕ್ಷೆಗೆ ದುಡ್ಡಿಲ್ಲ ಎಂದರು. ಅಜ್ಜಿಯ ಕಾಲದಿಂದ ಮನೆತನದ ಅಕ್ಕಸಾಲಿಗನ ಮಾತಿನ ಮೇಲೆ 22 ಕ್ಯಾರೆಟ್ ಎಂದು ನಂಬಿದ್ದ ಬಳೆ ತೆರೆಯ ಮೇಲೆ ಕಡಿಮೆ ಅಂಕಿ ತೋರಿಸಿದಾಗ ಆ ಮುಖ ಹೇಗಾಗಿರಬೇಕು! ಎಷ್ಟೋ ಮಂದಿಯ ಒಡವೆ ಹೇಳಿದಷ್ಟು ಶುದ್ಧ ಇರಲಿಲ್ಲ. ಮುಂದಿನ ಹೆಜ್ಜೆ ಇನ್ನೂ ಜಾಣತನದ್ದು: ನಿಮ್ಮದು 19 ಕ್ಯಾರೆಟ್ಟಿಗೆ ಮೇಲಿದ್ದರೆ ಸಾಕು, ಬರೀ ಮಜೂರಿ ಕೊಟ್ಟು ಅಷ್ಟೇ ತೂಕದ 22 ಕ್ಯಾರೆಟ್ ಒಡವೆ ಒಯ್ಯಿರಿ ಎಂಬ ಯೋಜನೆ. ಚಿನ್ನದಲ್ಲಿ ಕಳೆದುಕೊಂಡದ್ದನ್ನು ನಂಬಿಕೆಯಲ್ಲಿ ಗಳಿಸಿದರು. ಇಂದು ಟೈಟನ್ ವಹಿವಾಟಿನ ಬಹುಪಾಲು ಒಡವೆಯದು, ಗಡಿಯಾರ ಹಿಂದೆ ಸರಿದಿದೆ.

ಈ ಕಂಪನಿಯಲ್ಲಿ ಟಿಡ್ಕೊ ಪಾಲು ಶೇ 27.88, ಟಾಟಾಗಳದು ಅದಕ್ಕಿಂತ ಕಡಿಮೆ. ಸಮೂಹದ ಅತಿ ಬೆಲೆಬಾಳುವ ಕಂಪನಿಗಳಲ್ಲಿ ಒಂದಾದ ಟೈಟನ್‌ನ ಅತಿ ದೊಡ್ಡ ಷೇರುದಾರ ಒಂದು ರಾಜ್ಯ ಸರ್ಕಾರದ ನಿಗಮ! ಹೆಸರಿನಲ್ಲಿ ಟಾಟಾ ಎಂದಿಲ್ಲ, ಷೇರಿನಲ್ಲಿ ಮೇಲುಗೈ ಇಲ್ಲ. ಆದರೂ ಅಂಗಡಿಗೆ ಬರುವವರು ‘ಟಾಟಾದವರದು, ಮೋಸ ಇರಲ್ಲ’ ಎಂದೇ ಬರುತ್ತಾರೆ.

ಐದು ಪೆನ್ಸ್

ಹಿಡಿತ ಸಿಕ್ಕಿ, ಟಿಸಿಎಸ್ ಹಣ ಬಂದ ಮೇಲೆ ಸಮೂಹ ಕಡಲು ದಾಟಿತು. 2000ದಲ್ಲೇ ಟಾಟಾ ಟೀ ತನಗಿಂತ ದೊಡ್ಡದಾದ ಬ್ರಿಟನ್ನಿನ ಟೆಟ್ಲಿಯನ್ನು 27.1 ಕೋಟಿ ಪೌಂಡಿಗೆ ಕೊಂಡಿತ್ತು. ಕೊಡಗಿನ ತೋಟಗಳ ಟಾಟಾ ಕಾಫಿ 2006ರಲ್ಲಿ ಅಮೆರಿಕದ ಎಯ್ಟ್ ಒ’ಕ್ಲಾಕ್ ಕಾಫಿಯನ್ನು 22 ಕೋಟಿ ಡಾಲರಿಗೆ ಕೊಂಡಿತು. ಇವು ಅರಗಿದವು. ಅರಗದೆ ಉಳಿದದ್ದು ಕೋರಸ್.

2006ರ ಅಕ್ಟೋಬರಿನಲ್ಲಿ ಟಾಟಾ ಸ್ಟೀಲ್ ಈ ಆಂಗ್ಲೋ-ಡಚ್ ಉಕ್ಕಿನ ಕಂಪನಿಗೆ ಷೇರೊಂದಕ್ಕೆ 455 ಪೆನ್ಸ್ ಕೊಡುತ್ತೇನೆಂದಿತು. ಕೋರಸ್‌ನ ಉತ್ಪಾದನೆ ಟಾಟಾ ಸ್ಟೀಲ್‌ಗಿಂತ ಮೂರು ಪಟ್ಟಿಗೂ ಹೆಚ್ಚು. ಬ್ರೆಜಿಲಿನ ಸಿಎಸ್‌ಎನ್ ಪೈಪೋಟಿಗೆ ಇಳಿಯಿತು. ಕೊನೆಗೆ ಕಂಪನಿ ಕೊಳ್ಳುವ ವ್ಯವಹಾರಗಳ ಮೇಲ್ವಿಚಾರಣೆ ನೋಡುವ ಬ್ರಿಟನ್ನಿನ ಟೇಕೋವರ್ ಪ್ಯಾನೆಲ್ 2007ರ ಜನವರಿ 30ರ ರಾತ್ರಿ ಹರಾಜು ಏರ್ಪಡಿಸಿತು. ಸುತ್ತಿನ ಮೇಲೆ ಸುತ್ತು, ಒಟ್ಟು ಒಂಬತ್ತು. ಬೆಳಗಿನ ಜಾವದ ಹೊತ್ತಿಗೆ ಸಿಎಸ್‌ಎನ್ 603ಕ್ಕೆ ನಿಂತಿತು, ಟಾಟಾ 608ಕ್ಕೆ ಗೆದ್ದಿತು. ಐದು ಪೆನ್ಸ್ ಅಂತರ. ಒಟ್ಟು ಬೆಲೆ ಸುಮಾರು 620 ಕೋಟಿ ಪೌಂಡು. ದೇಶದ ಪತ್ರಿಕೆಗಳೆಲ್ಲ ಹಬ್ಬ ಮಾಡಿದವು. ಗುಲಾಮರಾಗಿದ್ದವರು ಯಜಮಾನರಾದರು ಎಂಬ ಧಾಟಿ.

ಮರುವರ್ಷವೇ ಜಗತ್ತಿನ ಹಣಕಾಸು ಕುಸಿಯಿತು, ಯುರೋಪಿನಲ್ಲಿ ಉಕ್ಕಿಗೆ ಬೇಡಿಕೆ ಬತ್ತಿತು, ಆಮೇಲೆ ಚೀನಾದ ಅಗ್ಗದ ಉಕ್ಕು ಹರಿದುಬಂತು. ಹಾಸಿಗೆ ಎಷ್ಟಿದೆ ಎಂದು ನೋಡದೆ ಚಾಚಿದ ಕಾಲನ್ನು ಮಡಚಲು ಹದಿನೇಳು ವರ್ಷ ಹಿಡಿಯಿತು. ವೇಲ್ಸ್‌ನ ಪೋರ್ಟ್ ಟಾಲ್ಬಟ್‌ನಲ್ಲಿ ಉಳಿದಿದ್ದ ಕೊನೆಯ ಊದುಕುಲುಮೆ ಆರಿದ್ದು 2024ರ ಸೆಪ್ಟೆಂಬರ್ 30ರಂದು. ಸಾವಿರಾರು ಮಂದಿಯ ಕೆಲಸ ಹೋಯಿತು. ಅಲ್ಲೀಗ 125 ಕೋಟಿ ಪೌಂಡಿನ ವಿದ್ಯುತ್ ಕುಲುಮೆ ಬರಲಿದ್ದು, ಅದಕ್ಕೆ ಬ್ರಿಟನ್ ಸರ್ಕಾರ 50 ಕೋಟಿ ಪೌಂಡ್ ಕೊಡುತ್ತಿದೆ.

ಅದೇ ಧೈರ್ಯ, ಅದೇ ಕೆಟ್ಟ ಗಳಿಗೆ, ಆದರೆ ಫಲ ಬೇರೆ: ಜಾಗ್ವಾರ್ ಲ್ಯಾಂಡ್ ರೋವರ್. 2008ರ ಜೂನ್‌ನಲ್ಲಿ ಫೋರ್ಡ್‌ನಿಂದ 230 ಕೋಟಿ ಡಾಲರಿಗೆ ಕೊಂಡದ್ದು. 2008-09ರಲ್ಲಿ ಟಾಟಾ ಮೋಟರ್ಸ್ 2,505 ಕೋಟಿ ರೂಪಾಯಿ ನಷ್ಟ ಕಂಡಾಗ ಮುಳುಗಿತು ಎಂದವರೇ ಹೆಚ್ಚು. ಕೆಲವೇ ವರ್ಷಗಳಲ್ಲಿ ಆ ಕಂಪನಿಯ ಲಾಭವೇ ಟಾಟಾ ಮೋಟರ್ಸನ್ನು ಹೊತ್ತು ನಡೆಯಿತು. ಉಕ್ಕಿಗೂ ಕಾರಿಗೂ ವ್ಯತ್ಯಾಸ ಏನೆಂದರೆ, ಉಕ್ಕಿನ ಬೆಲೆಯನ್ನು ಜಗತ್ತು ಹೇಳುತ್ತದೆ. ರೇಂಜ್ ರೋವರ್ ಬೆಲೆಯನ್ನು ಮಾರುವವನು ಹೇಳುತ್ತಾನೆ.

ಬೆಲೆ ತನ್ನ ಕೈಯಲ್ಲಿಲ್ಲದ ಇನ್ನೊಂದು ವ್ಯಾಪಾರ ಮುಂದ್ರಾ. ಗುಜರಾತಿನ ಈ 4,000 ಮೆಗಾವಾಟ್ ಸ್ಥಾವರಕ್ಕೆ ಟಾಟಾ ಪವರ್ ಯೂನಿಟ್ಟಿಗೆ ಸರಾಸರಿ 2 ರೂಪಾಯಿ 26 ಪೈಸೆಯಂತೆ 25 ವರ್ಷ ವಿದ್ಯುತ್ ಕೊಡಲು ಒಪ್ಪಿಕೊಂಡಿತ್ತು. ಕಲ್ಲಿದ್ದಲು ಬರಬೇಕಾದದ್ದು ಇಂಡೊನೇಷ್ಯಾದಿಂದ. ಅಲ್ಲಿನ ಸರ್ಕಾರ 2010ರಲ್ಲಿ ನಿಯಮ ಬದಲಿಸಿ, ಇನ್ನು ಮೇಲೆ ಅಂತರರಾಷ್ಟ್ರೀಯ ದರಕ್ಕೇ ಮಾರಬೇಕು ಎಂದಿತು. ಮಾರುವ ದರಕ್ಕೆ ಬೀಗ ಬಿದ್ದಿದೆ, ಕೊಳ್ಳುವ ದರ ಏರಿತು. ಹೆಚ್ಚುವರಿ ದರ ಕೇಳಿ ಹೋದದ್ದಕ್ಕೆ ಸುಪ್ರೀಂ ಕೋರ್ಟ್ 2017ರ ಏಪ್ರಿಲ್‌ನಲ್ಲಿ ಒಪ್ಪಲಿಲ್ಲ.

ಹಗ್ಗ ಬಿಗಿದದ್ದು

2012ರ ಡಿಸೆಂಬರಿನಲ್ಲಿ ಅಧ್ಯಕ್ಷ ಸ್ಥಾನ ಸೈರಸ್ ಮಿಸ್ತ್ರಿ ಅವರಿಗೆ ಬಂತು. ಟಾಟಾ ಸನ್ಸ್‌ನಲ್ಲಿ ಸುಮಾರು ಶೇ 18.4 ಪಾಲಿರುವ ಶಾಪೂರ್‌ಜಿ ಪಲ್ಲೊನ್‌ಜಿ ಕುಟುಂಬದವರು ಅವರು. 2016ರ ಅಕ್ಟೋಬರ್ 24ರಂದು ನಿರ್ದೇಶಕ ಮಂಡಳಿ ಅವರನ್ನು ಇಳಿಸಿತು. ಮರುದಿನ ಅವರು ಮಂಡಳಿಗೆ ಬರೆದ ಪತ್ರ ಹೊರಬಿತ್ತು. ಯುರೋಪಿನ ಉಕ್ಕು, ಮುಂದ್ರಾ, ಟಾಟಾ ಮೋಟರ್ಸ್‌ನ ಕಾರುಗಳು, ಇಂಡಿಯನ್ ಹೋಟೆಲ್ಸ್, ಟಾಟಾ ಟೆಲಿಸರ್ವಿಸಸ್ ಈ ಐದರಲ್ಲಿ 1.18 ಲಕ್ಷ ಕೋಟಿ ರೂಪಾಯಿ ಕೈಬಿಟ್ಟಂತೆಯೇ ಎಂಬುದು ಅವರ ಮಾತು. ಟಾಟಾ ಸನ್ಸ್ ಅದನ್ನು ಒಪ್ಪಲಿಲ್ಲ. ನ್ಯಾಯಮಂಡಳಿಗಳನ್ನು ಹಾದು ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಮಾರ್ಚ್ 26ರಂದು ತೀರ್ಪು ಟಾಟಾ ಸನ್ಸ್ ಪರವಾಗಿ ಬಂತು.

ಯಾರು ಸರಿ ಎಂಬ ಪಂಚಾಯಿತಿ ನನಗೆ ಬೇಡ. ಈ ಜಗಳದಲ್ಲಿ ಬೆಳಕಿಗೆ ಬಂದದ್ದು ಟಾಟಾ ಸನ್ಸ್‌ನ ನಿಯಮಾವಳಿಯ 121ನೇ ಕಲಮು. ಟ್ರಸ್ಟ್‌ಗಳು ನೇಮಿಸಿದ ನಿರ್ದೇಶಕರಲ್ಲಿ ಬಹುಮತದವರು ಒಪ್ಪದೆ ಯಾವ ಮುಖ್ಯ ನಿರ್ಧಾರವೂ ನಡೆಯದು. 1991ರಲ್ಲಿ ಹಿಡಿತವೇ ಇಲ್ಲ ಎಂಬುದು ಕೊರಗಾಗಿತ್ತು. ಕಾಲು ಶತಮಾನದ ನಂತರ ಆ ಹಿಡಿತ ಎಷ್ಟು ಗಟ್ಟಿಯಾಗಿತ್ತೆಂದರೆ ಅಧ್ಯಕ್ಷರನ್ನೇ ಒಂದು ಮಧ್ಯಾಹ್ನದಲ್ಲಿ ಇಳಿಸಬಹುದಿತ್ತು.

2017ರ ಫೆಬ್ರುವರಿಯಲ್ಲಿ ಟಿಸಿಎಸ್‌ನ ಎನ್. ಚಂದ್ರಶೇಖರನ್ ಬಂದು ಕೂತರು. ಮೊಬೈಲ್ ವ್ಯಾಪಾರವನ್ನು ಏರ್‌ಟೆಲ್‌ಗೆ ಒಪ್ಪಿಸಿ ಕೈತೊಳೆದುಕೊಂಡರು. ಆ ವ್ಯಾಪಾರದಲ್ಲಿ ಪಾಲುದಾರನಾಗಿದ್ದ ಜಪಾನಿನ ಡೊಕೊಮೊಗೆ 118 ಕೋಟಿ ಡಾಲರ್ ಕೊಟ್ಟು ಹಳೆಯ ವ್ಯಾಜ್ಯ ಮುಗಿಸಿದರು. ಉಪ್ಪಿನ ವ್ಯಾಪಾರವನ್ನು ಟಾಟಾ ಕೆಮಿಕಲ್ಸ್‌ನಿಂದ ಬಿಡಿಸಿ ಚಹಾ ಕಂಪನಿಯ ಜೊತೆ ಸೇರಿಸಿದ್ದರಿಂದ 2020ರಲ್ಲಿ ಟಾಟಾ ಕನ್ಸ್ಯೂಮರ್ ಆಯಿತು. ಕೊಡಗಿನ ಕಾಫಿಯೂ ಆಮೇಲೆ ಅದರೊಳಗೆ ಸೇರಿತು. ಭೂಷಣ್ ಸ್ಟೀಲ್ ದಿವಾಳಿಯಲ್ಲಿ ಸಿಕ್ಕಿತು. ಬೆಂಗಳೂರಿನ ಬಿಗ್‌ಬಾಸ್ಕೆಟ್ ಬಂತು. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆ 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಕೈಸೇರಿತು. ಗುಜರಾತಿನ ಧೊಲೇರಾದಲ್ಲಿ 91 ಸಾವಿರ ಕೋಟಿಯ ಚಿಪ್ ಕಾರ್ಖಾನೆ, ಅಸ್ಸಾಮಿನಲ್ಲಿ 27 ಸಾವಿರ ಕೋಟಿಯ ಇನ್ನೊಂದು ಘಟಕ.

ಇನ್ನು ಏರ್ ಇಂಡಿಯಾ. 1932ರಲ್ಲಿ ಜೆ.ಆರ್.ಡಿ. ಕರಾಚಿಯಿಂದ ಮುಂಬೈಗೆ ಪುಟ್ಟ ವಿಮಾನ ಹಾರಿಸಿ ಶುರುಮಾಡಿದ್ದು, 1953ರಲ್ಲಿ ಸರ್ಕಾರದ ಪಾಲಾದದ್ದು, 18,000 ಕೋಟಿ ರೂಪಾಯಿಗೆ 2022ರ ಜನವರಿ 27ರಂದು ಮನೆಗೆ ಮರಳಿತು. ಅದರಲ್ಲಿ ಕೈಗೆ ಕೊಟ್ಟ ನಗದು 2,700 ಕೋಟಿ, ಉಳಿದದ್ದು ತಲೆಯ ಮೇಲೆ ಹೊತ್ತುಕೊಂಡ ಸಾಲ. ಲೆಕ್ಕಿಗನನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದ. ಮರುವರ್ಷ 470 ವಿಮಾನಗಳಿಗೆ ಬೇಡಿಕೆ ಇಟ್ಟರು. 2025ರ ಜೂನ್ 12ರ ಅಹಮದಾಬಾದ್ ದುರಂತದ ನಂತರ ಈ ಕಂಪನಿಯನ್ನು ನಿಲ್ಲಿಸುವ ಕೆಲಸ ಹಣದ ಮಾತಷ್ಟೇ ಆಗಿ ಉಳಿದಿಲ್ಲ.

ದುಡಿಯುವ ಎತ್ತು ಒಂದೇ

ಇವತ್ತಿನ ಸಮೂಹದಲ್ಲಿ ಹತ್ತು ಗುಂಪುಗಳಾಗಿ ವಿಂಗಡಿಸಿದ ಸುಮಾರು 30 ಪ್ರಮುಖ ಕಂಪನಿಗಳು, ಹತ್ತು ಲಕ್ಷಕ್ಕೂ ಹೆಚ್ಚು ನೌಕರರು. 2023-24ರಲ್ಲಿ ವಹಿವಾಟು 16,500 ಕೋಟಿ ಡಾಲರಿಗೂ ಮೇಲೆ. ಈ ತುಂಬು ಸಂಸಾರಕ್ಕೆ ಹೊರಗಿನಿಂದ ತಂದು ಹಾಕುವವರು ಯಾರು ಎಂದು ನೋಡಿದರೆ ಬೆರಳು ಮತ್ತೆ ಒಂದೇ ಕಡೆ ಹೋಗುತ್ತದೆ. 2024-25ಕ್ಕೆ ಟಿಸಿಎಸ್ ಷೇರೊಂದಕ್ಕೆ ಒಟ್ಟು 126 ರೂಪಾಯಿ ಲಾಭಾಂಶ ಘೋಷಿಸಿತು. ಶೇ 72ರ ಆಸುಪಾಸು ಪಾಲು ಹಿಡಿದಿರುವ ಟಾಟಾ ಸನ್ಸ್‌ಗೆ ಅದರಿಂದ ಸಿಗುವುದು 32 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ವಿಮಾನ, ಆನ್‌ಲೈನ್ ಅಂಗಡಿ, ಚಿಪ್, ಬ್ಯಾಟರಿ ಎಲ್ಲಕ್ಕೂ ನೀರು ಈ ಬಾವಿಯದೇ. ಅದು ಸಾಲದಾದಾಗ 2024ರ ಮಾರ್ಚ್‌ನಲ್ಲಿ ಟಿಸಿಎಸ್‌ನ ಶೇ 0.65ರಷ್ಟು ಷೇರನ್ನೇ ಮಾರಿ 9 ಸಾವಿರ ಕೋಟಿಗೂ ಹೆಚ್ಚು ಎತ್ತಿದರು.

ಹಲವು ವ್ಯಾಪಾರ ಇದ್ದರೆ ಒಂದು ಕೈಕೊಟ್ಟಾಗ ಇನ್ನೊಂದು ಕಾಯುತ್ತದೆ ಎಂಬುದು ಇಂಥ ಸಮೂಹಗಳ ಪರವಾಗಿ ಎಲ್ಲರೂ ಹೇಳುವ ವಾದ. ಟಾಟಾ ಲೆಕ್ಕ ನೋಡಿದರೆ ನನಗೆ ಆ ವಾದ ಅರ್ಧ ಮಾತ್ರ ಒಪ್ಪಿಗೆ. ಕಾಯುವವರು ಹಲವರಿಲ್ಲ, ಕಾಯಿಸಿಕೊಳ್ಳುವವರು ಹಲವರಿದ್ದಾರೆ. ಆರು ಲಕ್ಷದ ಆಸುಪಾಸು ಜನ ದುಡಿಯುವ ಟಿಸಿಎಸ್ 2025ರ ಜುಲೈನಲ್ಲಿ ಸುಮಾರು ಶೇ 2ರಷ್ಟು, ಅಂದರೆ 12 ಸಾವಿರದಷ್ಟು ಮಂದಿಯನ್ನು ಕೈಬಿಡುವುದಾಗಿ ಹೇಳಿತು. ಕೃತಕ ಬುದ್ಧಿಮತ್ತೆ ಸಾಫ್ಟ್‌ವೇರ್ ಸೇವೆಯ ದರಕ್ಕೇ ಕೈ ಹಾಕುತ್ತಿರುವ ಹೊತ್ತಿದು. ಹೊಸೂರಿನಲ್ಲಿ ಐಫೋನಿನ ಕವಚ ಮಾಡುವ ಕಾರ್ಖಾನೆ, ನರಸಾಪುರದ ಜೋಡಣೆ ಸಾಲು, ಧೊಲೇರಾದ ಚಿಪ್ ಇವೆಲ್ಲ ಎರಡನೆಯ ಎತ್ತನ್ನು ಸಾಕುವ ಯತ್ನ ಎಂದೇ ನಾನು ಓದಿಕೊಳ್ಳುತ್ತೇನೆ.

ಉಳಿದದ್ದು ಶೇ 18.4ರ ಪ್ರಶ್ನೆ. ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರಿನಲ್ಲಿ, ರತನ್ ಟಾಟಾ 2024ರ ಅಕ್ಟೋಬರ್ 9ರಂದು ತೀರಿಕೊಂಡರು. ಟ್ರಸ್ಟ್‌ಗಳ ಅಧ್ಯಕ್ಷ ಸ್ಥಾನಕ್ಕೆ ನೋಯೆಲ್ ಟಾಟಾ ಬಂದರು. ಸಾಲದ ಹೊರೆ ಹೊತ್ತಿರುವ ಶಾಪೂರ್‌ಜಿ ಪಲ್ಲೊನ್‌ಜಿ ಸಮೂಹ ತನ್ನ ಪಾಲನ್ನು ನಗದು ಮಾಡಿಕೊಳ್ಳಲು ಬಯಸುತ್ತದೆ. ಆದರೆ ಟಾಟಾ ಸನ್ಸ್ 2017ರಲ್ಲೇ ಪ್ರೈವೇಟ್ ಕಂಪನಿಯಾಗಲು ತೀರ್ಮಾನಿಸಿ ಮರುವರ್ಷ ಹಾಗೆ ಬದಲಾಗಿದೆ, ಮಂಡಳಿ ಒಪ್ಪದೆ ಷೇರು ಹೊರಗಿನವರಿಗೆ ಹೋಗುವಂತಿಲ್ಲ. ರಿಸರ್ವ್ ಬ್ಯಾಂಕ್ 2022ರಲ್ಲಿ ಟಾಟಾ ಸನ್ಸನ್ನು ಬ್ಯಾಂಕೇತರ ಹಣಕಾಸು ಕಂಪನಿಗಳಲ್ಲಿ ಹೆಚ್ಚು ಬಿಗಿ ನಿಯಮವಿರುವ ಮೇಲುಸ್ತರಕ್ಕೆ ಸೇರಿಸಿ, 2025ರ ಸೆಪ್ಟೆಂಬರಿನೊಳಗೆ ಷೇರುಪೇಟೆಗೆ ಬರಬೇಕೆಂದಿತ್ತು. ಟಾಟಾ ಸನ್ಸ್ ತನ್ನ ಸಾಲ ತೀರಿಸಿ, ಆ ನೋಂದಣಿಯೇ ತನಗೆ ಬೇಡ ಎಂದು ಅರ್ಜಿ ಹಾಕಿತು. ಗಡುವು ಕಳೆದುಹೋಯಿತು, ಕಂಪನಿ ಷೇರುಪೇಟೆಗೆ ಬರಲಿಲ್ಲ. ಮಾರಲು ಬಾರದ ಆ ಷೇರುಗಳನ್ನೇ ಅಡವಿಟ್ಟು ಮಿಸ್ತ್ರಿ ಕುಟುಂಬ ದುಬಾರಿ ಬಡ್ಡಿಗೆ ಸಾಲ ಎತ್ತುತ್ತಿದೆ.